ಹತ್ತೊಂಬತ್ತಕ್ಕೆ ಎರಡು

ಕಬ್ಬಿನಹಾಲಿನ ಗಾಣ ನಿಂತ ಮೇಲೂ
ಕ್ರೀಡಾಂಗಣದ ಎದುರಿನ ಜಗಳ ನಿಲ್ಲಲಿಲ್ಲ.
ಹತ್ತೊಂಬತ್ತು ಸಲ ಬ್ಯಾಟು ಹಿಡಿದು ನಿಂತಿದ್ದಾಳೆ ಸಿಂಚನ,
ಹೊಡೆದು ಬೇಸು ಮುಟ್ಟಿದ್ದು ಎರಡೇ ಸಲ.
ಮಂಡ್ಯದಲ್ಲಿ ಸಾಫ್ಟ್‌ಬಾಲ್ ಅಂದರೆ
‘ಅದ್ಯಾವ ಕ್ರಿಕೆಟ್ಟು, ವಿಕೆಟ್ಟೇ ಇಲ್ವಲ್ಲ’ ಅನ್ನುವವರೇ ಹೆಚ್ಚು;
ಆದರೂ ಆ ಸಂಜೆ ಐದು ಜನ ಸೇರಿ
ಒಬ್ಬ ಹುಡುಗಿಯ ಮೊಣಕೈಯನ್ನು
ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ನೋಡಿದರು.

‘ಇನ್ನೂ ಐದೇ ಮ್ಯಾಚು ಕಣ್ರಯ್ಯ,
ನಾಟಿ ಹಾಕಿದ್ ವಾರಕ್ಕೇ ಕುಡ್ಲು ಮಸೀತಾ ಕುಂತಿದ್ದೀರಲ್ಲ!’
ಕೋಚ್ ಬೋರಲಿಂಗಯ್ಯನವರ ಲೋಟದಲ್ಲಿ ನೊರೆ ಕೂತಿತ್ತು.
‘ಐದು ಮ್ಯಾಚಿನ ವ್ಯಾನ್ ಬಾಡಿಗೆ ಯಾರು ಕೊಟ್ಟೋರು?
ಓದ್ ವರ್ಷದ ಸಿಂಚನ ಬೇರೆ, ಈ ವರ್ಷದೋಳು ಬೇರೆ.’
ಖಜಾಂಚಿ ಚಿಕ್ಕಮರೀಗೌಡರು ಎಲ್ಲವನ್ನೂ ಭಾಗಿಸಿ ನೋಡುವವರು.
‘ಚೆಂಡು ಬರುವಾಗ ಕಣ್ಣು ಮುಚ್ತಾಳೆ’ ಅಂದರು ಪಿ.ಟಿ. ಮೇಷ್ಟ್ರು.
‘ಮುಚ್ಚಲ್ಲ ಸಾರ್’ ಎಂದಳು ನಸ್ರೀನ್,
‘ಪ್ರಾಕ್ಟೀಸಲ್ಲಿ ಅವಳ ಹಿಂದೆ ಕೂರೋಳು ನಾನು.
ಚೆಂಡಿಗಿಂತ ಮುಂಚೆ ಹೊರಟುಬಿಡ್ತಾಳೆ, ಅಷ್ಟೇ.’
‘ನಿಮ್ ಬಾಕಿ ನೂರಾ ಎಂಬತ್ತು’ ಅಂದಳು ಕೆಂಪಾಜಮ್ಮ,
ಹಿಂಡಿದ ಜಲ್ಲೆಯನ್ನೇ ಮಡಿಚಿ ಇನ್ನೊಮ್ಮೆ ಗಾಣಕ್ಕೆ ಕೊಟ್ಟಳು.

ನಾನು ಮಾತಾಡಲಿಲ್ಲ. ನಾನು ಲೆಕ್ಕದವಳು.
ವಾರವಿಡೀ ಕೋರ್ಟಿನಲ್ಲಿ ಬೇರೆಯವರ ಹೇಳಿಕೆ ಟೈಪಿಸಿ
ಭಾನುವಾರ ಇವರ ಸ್ಕೋರು ಬರೆಯುತ್ತೇನೆ.
ಪುಸ್ತಕದಲ್ಲಿ ಔಟಿಗೆ ಒಂದೇ ಮನೆ.
ಕಾಲ ಬಳಿಯೇ ಮುಗ್ಗರಿಸಿದ ಚೆಂಡೂ ಔಟು;
ಗುಂಡಿನಂತೆ ಹೊರಟು
ನೇರ ಯಾರದೋ ಗ್ಲೌಸಿಗೆ ಬಡಿದು
ಅವಳ ಅಂಗೈ ಕೆಂಪಾಗಿಸಿದ್ದೂ ಔಟು.
ಅಂಥವಕ್ಕೆ ಮನೆಯ ಮೂಲೆಯಲ್ಲಿ
ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟಿದ್ದೇನೆ, ನಿಯಮದಲ್ಲಿ ಇಲ್ಲದ್ದು.
ಸಿಂಚನಳ ಸಾಲಿನಲ್ಲಿ ಏಳು ಚುಕ್ಕಿ.
ಯಾರಿಗೂ ತೋರಿಸಿಲ್ಲ.

ಹನ್ನೆರಡು ವರ್ಷದ ಹಿಂದೆ, ಇದೇ ಮೈದಾನ,
ನನ್ನದು ಇಪ್ಪತ್ತಮೂರಕ್ಕೆ ಒಂದು.
ಸೋಮವಾರ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿರಲಿಲ್ಲ.
ಅಷ್ಟೇ.
ಯಾರೂ ರೇಗಲಿಲ್ಲ, ಯಾರೂ ಪರವಹಿಸಲಿಲ್ಲ,
ನನ್ನ ಮೊಣಕೈ ವಿಚಾರಕ್ಕೆ
ಯಾರ ಕಬ್ಬಿನಹಾಲೂ ಬೆಚ್ಚಗಾಗಲಿಲ್ಲ.
ಶೂ ಚೆನ್ನಾಗಿತ್ತು, ತಂಗಿಗೆ ಕೊಟ್ಟೆ. ಅವಳಿಗೆ ಒಂದು ಅಳತೆ ದೊಡ್ಡದಾಯಿತು.

ಅತ್ತ ಮೈದಾನದ ತುದಿಯಲ್ಲಿ
ಹಳೇ ಸಾಕ್ಸಿನೊಳಗೆ ಚೆಂಡು ಹಾಕಿ, ಗೋಲಿನ ಕಂಬಕ್ಕೆ ಕಟ್ಟಿ
ಒಬ್ಬಳೇ ಬೀಸುತ್ತಿದ್ದಳು.
ಟಪ್.
ಆಮೇಲೆ ಬಹಳ ಹೊತ್ತು ಏನಿಲ್ಲ.
ಟಪ್.

ಬ್ಯಾಟು ಹೆಗಲಿಗೇರಿಸಿ ರಸ್ತೆ ದಾಟಿ ಬಂದಾಗ
ಐವರೂ ಒಟ್ಟಿಗೆ ಕೆಮ್ಮಿದರು.
‘ನಾಲೆಗೆ ನೀರು ಯಾವತ್ತು ಬುಟ್ಟಾರಂತೆ?’ ಅಂದರು ಗೌಡರು.
‘ಶುಕ್ರವಾರ ಅಂತಿದ್ರು’ ಅಂದರು ಮೇಷ್ಟ್ರು.
ನಸ್ರೀನ್ ಚಪ್ಪಲಿಯ ಬಾರು ಸರಿಮಾಡಿಕೊಂಡಳು.

ಸಿಂಚನ ನನ್ನ ಪಕ್ಕ ಕೂತು
ತೊಡೆಯ ಮೇಲಿದ್ದ ಪುಸ್ತಕ ತಿರುಗಿಸಿಕೊಂಡಳು.
‘ಹತ್ತೊಂಬತ್ತಲ್ಲ ಅಕ್ಕ, ಹದಿನೆಂಟು.
ಮದ್ದೂರಿನವರ ಮ್ಯಾಚಲ್ಲಿ ನಾಲ್ಕು ಬಾಲ್ ಕೆಟ್ಟದಾಗಿ ಬಂತಲ್ಲ,
ನಡೆದು ಹೋದೆ. ಅದು ಲೆಕ್ಕಕ್ಕೆ ಬರಲ್ಲ.’
ಹಾಳೆ ಹಿಂದೆ ತಿರುವಿದೆ. ನಿಜ.
ಹನ್ನೆರಡು ವರ್ಷದಲ್ಲಿ ನನ್ನ ಲೆಕ್ಕ ತಪ್ಪಿದ್ದು ಇದೇ ಮೊದಲು,
ಅಥವಾ ಯಾರೋ ಹಿಡಿದದ್ದು ಇದೇ ಮೊದಲು.

ರಬ್ಬರಿನಿಂದ ಉಜ್ಜಿದೆ. ಊದಿದೆ.
ಹದಿನೆಂಟಕ್ಕೆ ಎರಡು.
ಅವಳ ಬೆರಳು ಒಂದು ಚುಕ್ಕಿಯ ಮೇಲೆ ನಿಂತಿತು,
ಪಕ್ಕದ್ದಕ್ಕೆ ಸರಿಯಿತು, ಅದರ ಪಕ್ಕದ್ದಕ್ಕೆ.
ಇದೇನು ಅಂತ ಕೇಳಲಿಲ್ಲ.
‘ಐಸ್ ಬ್ಯಾಡ ಕೆಂಪಾಜಮ್ಮ’ ಅಂದಳು,
‘ಲೋಟ ತುಂಬಾ ಹಾಲೇ ಇರಲಿ.’